ಸರತಿಯ ಕೊನೆಗೆ ನಿಲ್ಲುವವರು
ನಿಯಮನಿಷ್ಠೆ, ನಿಷ್ಪಕ್ಷಪಾತ, ಬತ್ತದ ತಾಳ್ಮೆ, ನಸುಕಿಗೇ ಎದ್ದು ಹೊರಡುವ ಶ್ರದ್ಧೆ, ಇವೆಲ್ಲ ಒಂದೇ ಜೀವದಲ್ಲಿ ನೆಲೆಸಿದ್ದರೆ ಅದು ಅಮೆರಿಕದ ಒಹಾಯೋದ ಪುಟ್ಟ ಊರೊಂದರ ಮತಗಟ್ಟೆಯ ಅಧಿಕಾರಿಣಿ ಅರ್ಲೀನ್ ಕ್ರೂಗರ್ ಅವರಲ್ಲಿ. ಒಡಹುಟ್ಟಿದ ತಂಗಿಯೇ ಎದುರು ನಿಂತರೂ "ಹೆಸರು, ವಿಳಾಸ ಜೋರಾಗಿ ಹೇಳಮ್ಮಾ" ಎನ್ನುವರು. "ಅಕ್ಕಾ, ನಂಗೆ ಹೆಸರಿಟ್ಟೋಳೇ ನೀನಲ್ವಾ!" ಎಂದರೆ, "ಇಟ್ಟಿದ್ದು ಮನೇಲಿ, ಇದು ಮತಗಟ್ಟೆ" ಎಂಬ ಉತ್ತರ ಸಿದ್ಧ. ಅಭ್ಯರ್ಥಿಯ ಹೆಸರಿರುವ ಅಂಗಿ ತೊಟ್ಟು ಬಂದವರನ್ನು, ಅದನ್ನು ಒಳಹೊರಗು ಮಾಡಿ ತೊಡುವವರೆಗೂ ಒಳಗೆ ಬಿಡರು. ಮತದಾನ ಮುಗಿಯುವ ಸಂಜೆ ಏಳೂವರೆಗೆ ಸರತಿಯ ಕೊನೆಯವರ ಬೆನ್ನಹಿಂದೆ ಅವರು ಹೋಗಿ ನಿಂತರೆಂದರೆ, ಆಮೇಲೆ ಬಂದವರಿಗೆ ಮತವಿಲ್ಲ. ಈ ಸಲ ಮತಕ್ಕಿದ್ದುದು ಊರ ಗ್ರಂಥಾಲಯವನ್ನು ನಡೆಸುವ ತೆರಿಗೆ ಬೇಕೋ ಬೇಡವೋ ಎಂಬುದು. ತೆರಿಗೆ ಬಿದ್ದುಹೋದರೆ ಅರ್ಲೀನ್ ಮೂವತ್ತು ವರ್ಷ ಕಟ್ಟಿ ಬೆಳೆಸಿದ ಗ್ರಂಥಾಲಯಕ್ಕೆ ಬೀಗ. ಒಂದು ನಿಮಿಷ ಉಳಿದಿರುವಾಗ, ಆ ತೆರಿಗೆಯ ಕಡುವಿರೋಧಿಯಾದ ನೆರೆಮನೆಯ ಮುದುಕ ಡೆಲ್ಬರ್ಟ್ ಕೋಲೂರಿಕೊಂಡು ಬಂದವನು, ಹೊತ್ತು ಮೀರಿತೆಂದು ಬಗೆದು ಅಂಗಳದಿಂದಲೇ ಹಿಂದಿರುಗತೊಡಗಿದನು. "ಡೆಲ್ಬರ್ಟ್, ಇನ್ನೂ ಒಂದ್ ನಿಮಿಷ ಇದೆ, ಬಾರಯ್ಯಾ!" ಎಂದು ಅರ್ಲೀನ್ ಕೂಗಿದರು. "ನನ್ನ ಓಟು ಯಾವ ಕಡೆ ಅಂತ ಗೊತ್ತಲ್ವೇನಮ್ಮಾ?" "ಅದನ್ನ ಇಲ್ಲಿ ಹೇಳೋ ಹಾಗಿಲ್ಲ, ಸುಮ್ನೆ ಸಾಲಲ್ಲಿ ನಿಲ್ಲು!" ಎಂದು ಗದರಿ, ಅವನು ನಿಂತ ಮೇಲೆಯೇ ಅವನ ಹಿಂದೆ ತಾವು ನಿಂತರು. ಭಗವಂತನು ಈ ತಾಯಿಗೆ ದೀರ್ಘಾಯುಷ್ಯವನ್ನೂ, ಆಕೆಯ ಮನೆಮಂದಿಗೆ ನೆಮ್ಮದಿಯನ್ನೂ ಕರುಣಿಸಲಿ.