ದೊಡ್ಡ ಕಣ್ಣಿನ ಪೇಂಟರ್

ಸಾಗರದ ಟೆಂಟ್ ಸಿನಿಮಾಕ್ಕೆ ಬೋರ್ಡ್ ಬರೆಯುತ್ತಿದ್ದ ಪೇಂಟರ್ ಹತ್ತಿರ ನಾನು ಚಿತ್ರ ಕಲಿಯಲು ಹೋಗುತ್ತಿದ್ದೆ. ಏನು ಕೇಳಿದರೂ ಆಕಳಿಸಿ, "ಮೊದ್ಲು ಉರುಟಾಗಿ, ಗುಂಡಗೆ ಗೆರೆ ಹಾಕು ಮಾರಾಯ" ಎನ್ನುತ್ತಿದ್ದರು. ಅರ್ಧ ಮುಖ ಕಣ್ಣೇ ಇರಬೇಕು, ಮೂಗಿಗೆ ಒಂದು ಚುಕ್ಕೆ ಸಾಕು. ಅಷ್ಟೇ ಅವರ ಪಾಠ.

ಒಮ್ಮೆ ಟೆಂಟಿನ ಮಾಲೀಕ ಬೋರ್ಡಿನ ಮೇಲಿನ ಹೀರೋಯಿನ್ ಚಿತ್ರ ನೋಡಿ ರೇಗಿದ.

"ಇದೆಂತ, ಹೆಂಗಸೋ ಗೂಬೆಯೋ? ಸಂಜೆಯೊಳಗೆ ಕಣ್ಣು ಸಣ್ಣ ಮಾಡ್ರಿ. ಇಲ್ದಿದ್ರೆ ಶಿವಮೊಗ್ಗದಿಂದ ಬೇರೆಯವ್ರನ್ನ ಕರೆಸ್ತೀನಿ."

"ಬಸ್ಸಲ್ಲಿ ಹೋಗೋರಿಗೆ ಕಾಣ್ಬೇಕಲ್ರೀ" ಎಂದರು ಪೇಂಟರ್.

"ಕಂಡ್ರೆ ಹೆದ್ರಿ ಬಸ್ಸಿಂದ ಇಳಿಯೋದೇ ಇಲ್ಲ ಅವ್ರು."

ಮಾಲೀಕ ಹೋದ ಮೇಲೆ ಪೇಂಟರ್ ಬ್ರಷ್ ಎತ್ತಿದರು, ಇಳಿಸಿದರು. ಕೊನೆಗೆ ನನ್ನ ಕೈಗೆ ಕೊಟ್ಟರು.

"ನೀನೇ ಮಾಡು. ನನ್ ಕೈಲಿ ಆಗ್ತಿಲ್ಲ."

ನಾನು ಕಣ್ಣು ಸಣ್ಣ ಮಾಡುವವರೆಗೂ ಅವರು ಬೆನ್ನು ಹಾಕಿ ಬೀಡಿ ಸೇದುತ್ತಿದ್ದರು. ಅವರ ಕೆಲಸವೇನೋ ಉಳಿಯಿತು. ಆ ಬೋರ್ಡಿನ ಕಡೆ ಮಾತ್ರ ಅವರು ತಿರುಗಿ ನೋಡಲಿಲ್ಲ.