ಹೆದರಿಕೆಯ ವಹಿ

ಸಂಪಗಾಂವದ ಹಣಮಂತಪ್ಪ ಮಾಸ್ತರರ ಎರಡನೆಯ ಮಗಳು ಸಾವಂತ್ರೆವ್ವ ೧೯೭೬ರಲ್ಲಿ, ತುರ್ತು ಪರಿಸ್ಥಿತಿಯ ಕಾಲದಲ್ಲಿ, ಬೈಲಹೊಂಗಲದ ಕಾಲೇಜೊಂದರಲ್ಲಿ ಬಿ.ಎ. ಕೊನೆಯ ವರ್ಷ ಓದುತ್ತಿದ್ದಳು. ಮಾತು ಕಡಿಮೆ. ಅಕ್ಷರ ಮಾತ್ರ ಅಚ್ಚು ಹಾಕಿದಂತೆ. ಆ ಅಕ್ಷರ ನೋಡಿಯೇ ಮನಃಶಾಸ್ತ್ರದ ಅಧ್ಯಾಪಕ ಶಂಕ್ರೆಪ್ಪನವರು ಅವಳನ್ನು ಮನಃಶಾಸ್ತ್ರ ಸಂಘದ ಕಾರ್ಯದರ್ಶಿ ಮಾಡಿದರು. ಕಾಲೇಜಿನ ಉಳಿದವರು ಅದನ್ನು ಹುಚ್ಚರ ಸಂಘ ಎಂದು ಕರೆಯುತ್ತಿದ್ದರು.

ಶನಿವಾರ ಮಧ್ಯಾಹ್ನ ಹತ್ತು ಹನ್ನೆರಡು ಜನ ಸೇರುತ್ತಿದ್ದರು. ಪ್ರತಿಯೊಬ್ಬರೂ ತಮಗಿರುವ ಒಂದು ಹೆದರಿಕೆಯನ್ನು ಹೆಸರು ಹಾಕದೆ ಚೀಟಿಯಲ್ಲಿ ಬರೆದು ಬಿಸ್ಕೀಟಿನ ಡಬ್ಬಿಯಲ್ಲಿ ಹಾಕಬೇಕು. ಮುಂದಿನ ವಾರ ಓದಿ ಚರ್ಚೆ ಮಾಡಬೇಕು. ಇದು ಶಂಕ್ರೆಪ್ಪನವರ ಯೋಜನೆ. ಅದಕ್ಕೆ ಸಾವಂತ್ರೆವ್ವ ತನ್ನದೊಂದು ನಿಯಮ ಸೇರಿಸಿದಳು. ಕೈಬರಹದಿಂದ ಯಾರೆಂದು ಗೊತ್ತಾಗಬಾರದೆಂದು ಎಲ್ಲ ಚೀಟಿಗಳನ್ನೂ ಒಂದು ವಹಿಯಲ್ಲಿ ತನ್ನ ಕೈಯಿಂದಲೇ ನಕಲು ಮಾಡುವಳು, ಊರಿನ ಹೆಸರು ಬಂದರೆ ಬಿಡುವಳು, ಮೂಲ ಚೀಟಿಗಳನ್ನು ಒಲೆಗೆ ಹಾಕುವಳು. ಅವಳ ಉದ್ದೇಶ ಒಳ್ಳೆಯದೇ ಇತ್ತು. ಅದರಿಂದ ತಪ್ಪು ಸಣ್ಣದಾಗಲಿಲ್ಲ.

ಬಂದ ಹೆದರಿಕೆಗಳು ಸಾಮಾನ್ಯವಾದವು. ಇಂಗ್ಲಿಷ್ ಪೇಪರು, ಸೋದರಮಾವನ ಜೊತೆ ಮದುವೆ, ಅವ್ವನ ಕೆಮ್ಮು, ಕಪ್ಪೆ. ನವೆಂಬರಿನ ಮೊದಲ ವಾರ ಮಾತ್ರ ಒಂದು ಚೀಟಿ ಬೇರೆ ಥರದ್ದು ಬಂತು. "ನಮ್ಮ ತಂದೆ ಕಟಕೋಳದ ಪ್ರಾಥಮಿಕ ಶಾಲೆಯ ಮಾಸ್ತರರು. ಮಕ್ಕಳಾಗದಂತೆ ಮಾಡುವ ಆಪರೇಷನ್ನಿಗೆ ಮೂರು ಕೇಸು ಕೊಡದಿದ್ದರೆ ಪಗಾರ ಇಲ್ಲವೆಂದರು. ತಂದೆಯವರು ಕಾಂಪೌಂಡರನ ಕೈಯಿಂದ ಇಬ್ಬರು ಸತ್ತವರ ಹೆಸರಿನಲ್ಲಿ ಸರ್ಟಿಫಿಕೇಟು ಬರೆಸಿಕೊಂಡರು. ಬಾಗಿಲು ಸಪ್ಪಳವಾದರೆ ಪೊಲೀಸರೆಂದು ನನ್ನ ಎದೆ ನಿಲ್ಲುತ್ತದೆ."

ಅಕ್ಷರ ಬಾಯವ್ವನದು. ಕಟಕೋಳದ ಮಾಸ್ತರರ ಮಗಳು ಬಾಯವ್ವ ಎರಡು ವರ್ಷದಿಂದ ಸಾವಂತ್ರೆವ್ವನೊಡನೆ ಒಂದೇ ಬಾಡಿಗೆ ಕೋಣೆಯಲ್ಲಿದ್ದಳು. ಸಾವಂತ್ರೆವ್ವ ಚೀಟಿ ನಕಲು ಮಾಡಿದಳು, ಊರಿನ ಹೆಸರು ಬಿಟ್ಟಳು, ಚೀಟಿ ಸುಟ್ಟಳು. ಇದನ್ನು ಶನಿವಾರ ಓದಬಾರದೆಂದುಕೊಂಡಳು. ಬರೆಯಲೇಬಾರದಾಗಿತ್ತೆಂದು ಹೊಳೆಯಲಿಲ್ಲ.

ಶುಕ್ರವಾರ ಗುಮಾಸ್ತ ಅಮೋಘಸಿದ್ದಪ್ಪ ಸಂಘಗಳ ಕಪಾಟಿನ ಕೀಲಿ ತೆಗೆದು ಇದ್ದಬಿದ್ದ ವಹಿಗಳನ್ನೆಲ್ಲ ಕಂಕುಳಲ್ಲಿ ಇಟ್ಟುಕೊಂಡು ಹೊರಟ.

"ಅವು ಎಲ್ಲಿಗ್ರಿ?" ಎಂದಳು ಸಾವಂತ್ರೆವ್ವ.

"ಸರ್ಕ್ಯುಲರ್ ಬಂದೈತಿ. ಹುಡುಗರ ಸಂಘದ ವಹಿ ಎಲ್ಲಾ ತಪಾಸಣಿ ಆಗಬೇಕಂತ. ನಿಮ್ಮ ಹುಚ್ಚರದೂ ಬಿಟ್ಟಿಲ್ಲ, ಹೆದರಬ್ಯಾಡ."

ಅವಳು ಹೆದರಿದಳು. ಶಂಕ್ರೆಪ್ಪನವರನ್ನು ಹುಡುಕಿದಳು. ದಿನಾ ಕಿತ್ತೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದ ಅವರು ಅಂದು ಬರಲಿಲ್ಲ. ಶನಿವಾರವೂ ಬರಲಿಲ್ಲ. ಸೋಮವಾರ ಅವರ ರಜೆಯ ಅರ್ಜಿ ಬಂತು, ಹೊಟ್ಟೆನೋವು ಎಂದಿತ್ತು.

ಅದೇ ಸೋಮವಾರ ಪ್ರಿನ್ಸಿಪಾಲರು ಅವಳನ್ನು ಕರೆಸಿದರು. ವಹಿ ಮೇಜಿನ ಮೇಲಿತ್ತು. ಪುಟಪುಟಕ್ಕೂ ಕೆಂಪು ಮಸಿಯಲ್ಲಿ ನಂಬರು ಬಿದ್ದಿತ್ತು.

"ಇದು ಯಾರ ಅಕ್ಷರ?"

"ನಂದ್ರಿ ಸರ್."

"ನಿಮ್ಮಪ್ಪ ಏನ್ ಮಾಡ್ತಾರ?"

"ಮಾಸ್ತರ ಅದಾರ್ರಿ."

ಪ್ರಿನ್ಸಿಪಾಲರು ಕನ್ನಡಕ ತೆಗೆದರು. "ಮತ್ತ ಇದನ್ನ ಓದಿದವರು ಏನಂತಾರ, ನೀನ ಹೇಳವಾ."

"ಚೀಟಿ ಬ್ಯಾರೇದವರದ್ರಿ. ನಾ ನಕಲು ಮಾಡೇನಿ ಅಷ್ಟ."

"ಚೀಟಿ ಎಲ್ಲಿ ಅದ?"

"ಸುಟ್ಟೇನ್ರಿ."

"ಸುಟ್ಟಿ." ಅವರು ಆ ಮಾತನ್ನು ರುಚಿ ನೋಡುವವರಂತೆ ಮತ್ತೊಮ್ಮೆ ಹೇಳಿದರು. ವಹಿಯನ್ನು ಮುಚ್ಚಿ ದೂರ ಸರಿಸಿದರು. "ವರದಿ ಹೋಗೇತಿ, ನನಗ ಹಾಳಿ ಹರೀಲಿಕ್ಕೆ ಬರೂದಿಲ್ಲ. ಬುಧವಾರ ತಪಾಸಣಿ ಸಾಹೇಬರು ಬರ್ತಾರ. ಬರದವರ ಹೆಸರ ಹೇಳಿದ್ರ ನಿಮ್ಮಪ್ಪ ಉಳೀತಾನ. ಇಲ್ಲಂದ್ರ ಜೀಪು ನೆಟ್ಟಗ ಸಂಪಗಾಂವಕ್ಕ ಹೋಗ್ತದ."

ಕೋಣೆಯಲ್ಲಿ ಬಾಯವ್ವ ಪಲ್ಯಕ್ಕೆ ಬದನೆಕಾಯಿ ಹೆಚ್ಚುತ್ತಿದ್ದಳು. ಸಾವಂತ್ರೆವ್ವ ಬಾಗಿಲು ಮುಂದಕ್ಕೆ ಮಾಡಿ ಎಲ್ಲ ಹೇಳಿದಳು. ಬಾಯವ್ವನ ಕೈ ನಿಂತಿತು.

"ನಂದಂತ ನಿನಗ ಗೊತ್ತಿತ್ತು?"

"ಗೊತ್ತಿತ್ತು."

"ಗೊತ್ತಿದ್ದೂ ವಹಿಗೆ ಹಾಕಿದಿ."

ಬಾಯವ್ವ ಬದನೆಕಾಯಿ ಬದಿಗೆ ಸರಿಸಿ ಕೇಳಿದಳು, "ಹೇಳ್ತೀಯೇನು?"

"ನಾಳೆ ಊರಿಗೆ ಹೋಗಿ ಬರ್ತೇನಿ," ಎಂದಳು ಸಾವಂತ್ರೆವ್ವ. ಅಪ್ಪನೂ ಸತ್ತವರ ಹೆಸರು ಬರೆಸಿರಬಹುದಲ್ಲವೇ ಎಂಬ ಯೋಚನೆ ಪ್ರಿನ್ಸಿಪಾಲರ ಕೋಣೆಯಲ್ಲೇ ಅವಳಿಗೆ ಬಂದಿತ್ತು. ಹಾಗಿದ್ದರೆ ಹೆಸರು ಹೇಳದೆ ಗತ್ಯಂತರವಿಲ್ಲ. ಇಬ್ಬರೂ ಅಂದು ಊಟ ಮಾಡಲಿಲ್ಲ.

ಮಂಗಳವಾರ ಸಂಜೆ ಹಣಮಂತಪ್ಪ ಮಾಸ್ತರರು ಶಾಲೆ ಬಿಟ್ಟು ಬಂದು ಕಟ್ಟೆಯ ಮೇಲೆ ಕುಳಿತಿದ್ದರು. ಒಳಗೆ ಅವ್ವ ಸುಂದರವ್ವ ಖಾರ ಕುಟ್ಟುತ್ತಿದ್ದಳು. ಮಗಳು ಹೇಳಿದ್ದನ್ನೆಲ್ಲ ಅವರು ತಲೆ ಎತ್ತದೆ ಕೇಳಿದರು.

"ಅಪ್ಪಾ, ನಿನ್ನ ಕೇಸೂ ಮೂರ ಇದ್ದುವಲ್ಲ. ಎಲ್ಲಾ ಖರೇ ಅದಾವೇನು? ಜೀವಂತ ಅದಾರ?"

ಮಾಸ್ತರರು ತಲೆ ಎತ್ತಿದರು. "ಇಬ್ಬರು ಓಣ್ಯಾಗ ಅದಾರ. ಒಬ್ಬ ನಿನ್ನ ಮುಂದ ಕುಂತಾನ."

ಒಳಗೆ ಕುಟ್ಟುವ ಸಪ್ಪಳ ನಿಂತಿತು.

"ಅವ್ವಗ ಗೊತ್ತದ?"

"ಈಗ ಗೊತ್ತಾತು."

ಸುಂದರವ್ವ ಹೊರಗೆ ಬರಲಿಲ್ಲ. ಮಾಸ್ತರರು ದನಿ ಇಳಿಸಿದರು. "ಬರದವರು ಯಾರಂತ ನಿನಗ ಗೊತ್ತದಲ್ಲ? ನನ್ನ ಮುಂದ ಹೇಳಬ್ಯಾಡ. ಎರಡ ಸಲ ಜೋರು ಮಾಡಿ ಕೇಳಿದ್ರ ನಾ ಹೇಳಿಬಿಡ್ತೇನಿ. ನನಗ ಅಷ್ಟು ಧೈರ್ಯ ಇಲ್ಲ."

"ಅವರು ಇಲ್ಲಿಗೆ ಬಂದ್ರ?"

"ಬರ್ಲಿ. ಎಣಿಸ್ಕೊಂಡು ಹೋಗ್ಲಿ." ಮಾಸ್ತರರು ಹಾಗೆಂದರು, ಆದರೆ ಧೋತರದ ಚುಂಗನ್ನು ಬೆರಳಿಗೆ ಸುತ್ತಿ ಬಿಚ್ಚಿ ಸುತ್ತುತ್ತಲೇ ಇದ್ದರು.

ಬುಧವಾರ ಸಾಹೇಬರು ಬಂದರು. ಸಾವಂತ್ರೆವ್ವ ಒಂದೇ ಮಾತು ಹೇಳಿದಳು: ಚೀಟಿ ತನ್ನದಲ್ಲ, ಯಾರದೆಂದು ಗೊತ್ತಿಲ್ಲ. ಸಾಹೇಬರು ಬರೆದುಕೊಂಡು, ವಹಿಯನ್ನು ಕಪಾಟಿನಲ್ಲಿ ಭದ್ರವಾಗಿಡಲು ಹೇಳಿ ಎದ್ದುಹೋದರು.

ಗುರುವಾರ ಅವಳು ತರಗತಿಯಲ್ಲಿ ಕುಳಿತಿದ್ದಳು. ರಸ್ತೆಯಲ್ಲಿ ಯಾವ ಮೋಟಾರು ಸದ್ದು ಮಾಡಿದರೂ ಅದು ಸಂಪಗಾಂವದಿಂದ ಅಪ್ಪನನ್ನು ಹೊತ್ತು ಬಂದ ಜೀಪೇ ಎನಿಸುತ್ತಿತ್ತು. ಸುದ್ದಿ ಸಿಕ್ಕಿದ್ದು ಶುಕ್ರವಾರ, ಸಂತೆಗೆ ಬಂದಿದ್ದ ಓಣಿಯ ಕೆಂಚವ್ವನಿಂದ.

"ಬಿಟ್ರವಾ ನಿಮ್ಮಪ್ಪನ್ನ. ಆಪರೇಷನ್ ಆದ ಇಬ್ಬರಾಗ ಒಬ್ಬ ಕಿತ್ತೂರಿಗೆ ಬೀಗರ ಮನಿಗೆ ಹೋಗಿದ್ದ. ಅವ ಬರೂತನಕ ಮಾಸ್ತರನ್ನ ಸಾಲಿ ಮುಂದ ಬಿಸಲಾಗ ನಿಂದ್ರಿಸಿದ್ರು. ಹುಡುಗ್ರೆಲ್ಲಾ ಕಿಡಕ್ಯಾಗ. ಒಳಗ ಕರದು ಗಾಯನೂ ನೋಡಿದ್ರಂತ." ಕೆಂಚವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು; ನಗುತ್ತಿದ್ದಳೋ ಇಲ್ಲವೋ ತಿಳಿಯಲಿಲ್ಲ. "ಊರ ಮಂದಿಗೆ ಒಂದು ತಿಂಗಳಿಗಾಗೂಷ್ಟು ಮಾತು ಸಿಕ್ಕತು."

ಸಾವಂತ್ರೆವ್ವ ಕೋಣೆಗೆ ಬಂದು ಬಾಯವ್ವನಿಗೆ ಹೇಳಿದಳು, "ಮುಗೀತು."

"ಮತ್ತ ಬಂದು ಕೇಳಿದ್ರ?"

"ಹೇಳೂದಿಲ್ಲ."

"ಇವತ್ತ ಹೇಳೂದಿಲ್ಲ. ನಾಳೆ ನನ್ನ ಮ್ಯಾಲೆ ಸಿಟ್ಟು ಬಂದ್ರ?" ಬಾಯವ್ವನ ದನಿಯಲ್ಲಿ ಜಗಳ ಇರಲಿಲ್ಲ. "ನಿನ್ನ ಕೂಡ ಒಂದ ಮಾತು ಹೆಚ್ಚುಕಮ್ಮಿ ಆಡ್ಲಿಕ್ಕೆ ಇನ್ನ ನನಗ ಆಗೂದಿಲ್ಲ." ಆ ವಾರವೇ ಅವಳು ಹಾಸಿಗೆ ಸುತ್ತಿಕೊಂಡು ಬೇರೆ ಕೋಣೆಗೆ ಹೋದಳು.

ಸಂಘ ಮುಚ್ಚಿತು. ಶಂಕ್ರೆಪ್ಪನವರು ಹೊಟ್ಟೆನೋವು ವಾಸಿಯಾಗಿ ಬಂದು ಪಾಠ ಮುಂದುವರಿಸಿದರು. ಮರುವರ್ಷ ಸರ್ಕಾರ ಬದಲಾಯಿತು, ಜನ ಮತ್ತೆ ಗಟ್ಟಿಯಾಗಿ ಮಾತಾಡತೊಡಗಿದರು. ಸಾವಂತ್ರೆವ್ವನಿಗೆ ಕಿತ್ತೂರಿನ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ನೌಕರಿ ಸಿಕ್ಕಿತು.

೧೯೭೮ರಲ್ಲಿ ಒಮ್ಮೆ ಪರೀಕ್ಷೆಯ ಕೆಲಸಕ್ಕೆ ಸವದತ್ತಿಗೆ ಹೋದಾಗ ಬಸ್ ನಿಲ್ದಾಣದಲ್ಲಿ ಬಾಯವ್ವ ಎದುರಾದಳು. ಕೊರಳಲ್ಲಿ ತಾಳಿ, ಬಗಲಲ್ಲಿ ಕೂಸು. ಹೇಗಿದ್ದೀ ಎಂದು ಇಬ್ಬರೂ ಕೇಳಲಿಲ್ಲ.

"ಯಾರ ಮುಂದೂ ಹೇಳಿಲ್ಲಲ್ಲ?"

"ಇಲ್ಲ."

"ಅಪ್ಪನ ಸರ್ವಿಸು ಇನ್ನ ಎರಡ ವರ್ಷ ಅದ," ಎಂದಳು ಬಾಯವ್ವ. ರಾಮದುರ್ಗದ ಬಸ್ಸು ಬಂತು. ಅವಳು ಕಿಟಕಿಯ ಪಕ್ಕದಲ್ಲೇ ಕುಳಿತಳು, ಬಸ್ಸು ಹೊರಡುವವರೆಗೂ ಸಾವಂತ್ರೆವ್ವನ ಮೇಲಿನ ಕಣ್ಣು ತೆಗೆಯಲಿಲ್ಲ.