ವಿಮಾನಕ್ಕೆ ದಾರಿ ತೋರಿಸಿದ ಸುಣ್ಣ

“ಸುಣ್ಣ ಹಚ್ಚಲಿಲ್ಲ, ಅದಕ್ಕ ವಿಮಾನ ದಾರಿ ತಪ್ತು.”

ರೋಣದ ಯಾವ ಚಹಾದಂಗಡಿಯಲ್ಲಿ ಕುಳಿತರೂ ಈ ಕಥೆ ಪುಕ್ಕಟೆ ಸಿಗುತ್ತದೆ. ದುಡ್ಡು ಚಹಾಕ್ಕೆ ಮಾತ್ರ.

ಕಥೆ ಹೀಗಿದೆ. ನಾವೆಲ್ಲ ಅಂಗಿ ತೊಡಲು ಕಲಿಯುವ ಮುಂಚೆ, ಮುಂಬಯಿ ಕಡೆಯಿಂದ ಬಳ್ಳಾರಿಗೆ ಟಪಾಲು ಹೊತ್ತ ಪುಟ್ಟ ವಿಮಾನವೊಂದು ನಮ್ಮ ಸೀಮೆಯ ಮೇಲೆ ಹಾರಿ ಹೋಗುತ್ತಿತ್ತು. ಪೈಲಟ್ ನೆಲ ನೋಡಿಕೊಂಡೇ ದಾರಿ ಹಿಡಿಯಬೇಕು. ನೆಲವೋ, ಎತ್ತ ನೋಡಿದರೂ ಒಂದೇ ಥರದ ಎರೆಭೂಮಿ. ಆದ್ದರಿಂದ ಸವಡಿಯ ಹೊಲವೊಂದರಲ್ಲಿ ಕಲ್ಲು ಜೋಡಿಸಿ ದೊಡ್ಡದೊಂದು ಬಾಣದ ಗುರುತು ಮಾಡಿದ್ದರು. ಬಾಣದ ಮೂತಿ ಬಳ್ಳಾರಿ ಕಡೆಗೆ. ಪ್ರತಿ ವರ್ಷ ಮಳೆ ನಿಂತ ಮೇಲೆ ಅದಕ್ಕೆ ಸುಣ್ಣ ಹಚ್ಚುವ ಕೆಲಸ ಅದೇ ಊರಿನ ಹುಸೇನಸಾಬನದು.

ಒಂದು ವರ್ಷ ಅವನು ಹಚ್ಚಲಿಲ್ಲವಂತೆ. ವಿಮಾನ ನೇರ ಗಜೇಂದ್ರಗಡದ ಗುಡ್ಡ ದಾಟಿ ಯಾರದೋ ಹತ್ತಿ ಹೊಲದಲ್ಲಿ ಇಳಿಯಿತಂತೆ. ಯಾರಿಗೂ ಪೆಟ್ಟಾಗಲಿಲ್ಲ. ವಿಮಾನದ ಟಪಾಲು ಮಾತ್ರ ಚಕ್ಕಡಿ ಏರಿ ಮುಂದೆ ಹೋಯಿತು! ಅಲ್ಲಿಗೆ ಆ ಗುರುತನ್ನೇ ಕೈಬಿಟ್ಟರು. ಮತ್ತೆಂದೂ ಯಾರೂ ಅದಕ್ಕೆ ಸುಣ್ಣ ಹಚ್ಚಲಿಲ್ಲ.

ಇಷ್ಟೊಂದು “ಅಂತೆ” ಇರುವ ಕಥೆಯನ್ನು ನಾನು ಸುಮ್ಮನೆ ನುಂಗುವವನಲ್ಲ. (ಕಾಲೇಜಿನ ಡಿಬೇಟು ಅಂಟಿಸಿದ ಚಟ. ಉಣ್ಣಲು ಕೂತಾಗಲೂ ಬಿಡುವುದಿಲ್ಲವೆಂದು ಅವ್ವನ ದೂರು.) ಆದರೂ ಹಳೆಯ ಸುದ್ದಿ, ಹಾಳಾಗಲಿ ಎಂದು ಬಿಡುತ್ತಿದ್ದೆನೇನೋ. ನರಗುಂದದ ಸಂತೆಯಲ್ಲಿ ಹುಸೇನಸಾಬನ ಮಗ ಮಾಬೂಸಾಬ ಸಿಗದಿದ್ದರೆ.

ಹುಸೇನಸಾಬ ತೀರಿಕೊಂಡು ಬಹಳ ವರ್ಷವಾಯಿತು. ಮಾಬೂಸಾಬ ಈಗ ಸವಡಿಯಿಂದ ರೋಣಕ್ಕೆ ಟಪಾಲು ಚೀಲ ಒಯ್ಯುವ ಕೆಲಸಕ್ಕೆ ಅರ್ಜಿ ಹಾಕುತ್ತಿದ್ದಾನೆ. ಈತ ನಂಬಿಕಸ್ಥ ಎಂದು ಊರಿನ ಗೌಡರು ಸಹಿ ಮಾಡಿಕೊಡಬೇಕು. ಗೌಡರು ಏನೆಂದರು ಗೊತ್ತೇ?

“ಅಪ್ಪ ಆಕಾಶದಾಗಿನ ಟಪಾಲ ದಾರಿ ತಪ್ಪಿಸ್ಯಾನ. ಮಗನ ಕೈಯಾಗ ನೆಲದ ಮ್ಯಾಲಿಂದು ಕೊಡು ಅಂತೀಯೇನ?”

ಕಟ್ಟೆಯ ಮೇಲೆ ಕುಳಿತವರೆಲ್ಲ ನಕ್ಕರಂತೆ. ಹೇಳುವಾಗ ಮಾಬೂಸಾಬನೂ ನಕ್ಕ. ನನಗೆ ನಗು ಬರಲಿಲ್ಲ. “ಆ ಬಾಣ ಇನ್ನೂ ಐತೇನ?” ಎಂದೆ.

ರವಿವಾರ ಇಬ್ಬರೂ ಆ ಹೊಲಕ್ಕೆ ಹೋದೆವು. ಹೊಲ ಗೌಡರದೇ. ಜೋಳ ಕೊಯ್ದು ನೆಲ ಬೋಳಾಗಿತ್ತು. ಅರ್ಧ ಹೂತ ಕಲ್ಲುಗಳು ಬಾಣದ ಆಕಾರದಲ್ಲೇ ಇದ್ದವು. ಆದರೆ ಮೂತಿ ನೋಡಿದರೆ ಬಳ್ಳಾರಿಯ ಕಡೆಗಿಲ್ಲ! ನೆಟ್ಟಗೆ ಪೂರ್ವಕ್ಕೆ, ವಿಮಾನ ದಾಟಿದ ಅದೇ ಗಜೇಂದ್ರಗಡದ ಗುಡ್ಡಕ್ಕೆ. ಹೊಲದ ಸಾಲುಗಳೂ ಅತ್ತಲೇ.

ಪಕ್ಕದಲ್ಲಿ, ಸಾಲುಗಳಿಗೆ ಓರೆಯಾಗಿ, ಕರಿ ಮಣ್ಣಿನಲ್ಲಿ ಸುಣ್ಣದ ಚೂರುಗಳ ಪಟ್ಟೆಯೊಂದು ಹಾದುಹೋಗಿತ್ತು. ನೇಗಿಲು ಎಷ್ಟು ಚದುರಿಸಿದರೂ ಅಳಿಸಿರಲಿಲ್ಲ. ಅದು ಬಳ್ಳಾರಿಯ ದಿಕ್ಕು.

“ಕಲ್ಲು ಸರಿಸ್ಯಾರಲ್ಲೋ ಮಾಬೂ!”

“ಹೌದ್ರಿ. ಅಡ್ಡ ಇದ್ರ ಎತ್ತು ಸುತ್ತು ಹಾಕಿ ಹೋಗಬೇಕಾಗ್ತಿತ್ತು. ಸಾಲಿಗೆ ಸರಿ ಮಾಡಿಸ್ಯಾರ. ವಿಮಾನ ಇಳಿದ ವರ್ಷಾನ, ಬಿತ್ತೂದಕ್ಕ ಮೊದ್ಲ.”

“ನಿಮ್ಮಪ್ಪ ನೋಡ್ಲಿಲ್ಲೇನ?”

“ನೋಡ್ಯಾನ್ರಿ. ಹೊಲ ಗೌಡ್ರದು, ಕಲ್ಲು ಸರಕಾರದ್ದು. ಸುಣ್ಣ ಅಷ್ಟ ನಮ್ದು.”

“ಮತ್ತ ಇಷ್ಟ ವರ್ಷ ಯಾಕ ಬಾಯಿ ಬಿಡಲಿಲ್ಲ?”

“ಬಿಟ್ರ ಮರುದಿನ ಕೂಲಿಗೆ ಯಾರ ಹೊಲಕ್ಕ ಹೋಗೂದ್ರಿ?”

ನಾನು ಬಗ್ಗಿ, ಒಂದು ಕಲ್ಲಿನ ಬುಡ ಕೆದರಿದೆ. ಈಗಿರುವ ಜಾಗದಲ್ಲೇ, ಕಲ್ಲಿನ ಸುತ್ತ ಮಣ್ಣಿಗೆ ಸುಣ್ಣ ಸೋರಿ ಗಟ್ಟಿಯಾಗಿತ್ತು. ಇನ್ನೊಂದು ಕೆದರಿದೆ. ಅಲ್ಲೂ ಅಷ್ಟೇ. ಅಂದರೆ, ಸರಿಸಿದ ಮೇಲೂ ಯಾರೋ ಸುಣ್ಣ ಹಚ್ಚಿದ್ದಾರೆ. ಯಾರಿರಬಹುದು, ನೀವೇ ಹೇಳಿ.

ಸಂಜೆ ಗೌಡರ ಮನೆಗೆ ಹೋದೆವು. ನಾನು ಕಟ್ಟೆಯ ಮೇಲೆ ಕುಳಿತೆ. ಮಾಬೂಸಾಬ ಅರ್ಜಿ ಹಿಡಿದು ಕೆಳಗೆ ನಿಂತ. ಗೌಡರು ಕೆಟ್ಟವರಲ್ಲ. ನನಗೆ ಚಹಾ ತರಿಸಿದರು, ಅವನಿಗೂ ತರಿಸಿದರು. ನನ್ನ ಮಾತು ಪೂರ್ತಿ ಕೇಳಿದರು.

“ಕಲ್ಲು ಸರಿಸಿದ್ದು ಖರೇ. ನನ್ನ ಹೊಲ, ನನ್ನ ಸಾಲು. ಚೂರು ಓರೆ ಆದ್ರ ಅಷ್ಟ ಎತ್ತರದಾಗ ಅಂವಗೇನ ಗೊತ್ತಾಗತೈತಿ ಅಂತ ಸರಿಸಿದ್ನಿ. ಆದ್ರ ವಿಮಾನ ತಪ್ಪಿದ್ದು ಅದಕ್ಕಲ್ಲ ತಮ್ಮಾ. ಸುಣ್ಣ ಹಚ್ಚಲಿಲ್ಲ, ಅದಕ್ಕ. ಊರಿಗೆಲ್ಲ ಗೊತ್ತೈತಿ.”

ಊರಿಗೆ ಹೇಗೆ ಗೊತ್ತು? ಗೌಡರು ಹೇಳಿದ್ದರಿಂದ. ಗೌಡರಿಗೆ ಇಷ್ಟು ಧೈರ್ಯ ಹೇಗೆ? ಊರಿಗೆಲ್ಲ ಗೊತ್ತಿರುವುದರಿಂದ. ನಮ್ಮಲ್ಲಿ ಎಷ್ಟು ಸತ್ಯಗಳು ಹೀಗೆ ಒಂದಕ್ಕೊಂದು ಆತುಕೊಂಡು ನಿಂತಿವೆಯೋ!

ನಾನು ಒಂದೇ ಪ್ರಶ್ನೆ ಕೇಳಿದೆ. ಗೌಡರು ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿದರು. ಆಮೇಲೆ ಎದ್ದು ಒಳಗೆ ಹೋದರು. ಬಹಳ ಹೊತ್ತು ಕಾದೆವು, ಹೊರಗೆ ಬರಲಿಲ್ಲ. ಸಹಿಯೂ ಆಗಲಿಲ್ಲ.

ಅರ್ಜಿಗೆ ಈ ಶನಿವಾರ ಕಡೆಯ ದಿನ. ಗೌಡರು ಈ ಪತ್ರಿಕೆ ತರಿಸುತ್ತಾರೆಂದು ಬಲ್ಲೆ. ಅದಕ್ಕೇ ಆ ಪ್ರಶ್ನೆಯನ್ನು ಅಚ್ಚಿನಲ್ಲಿ ಮತ್ತೊಮ್ಮೆ ಕೇಳುತ್ತಿದ್ದೇನೆ:

ಗೌಡ್ರ, ಹುಸೇನಸಾಬ ಸುಣ್ಣ ಹಚ್ಚಿರಲಿಲ್ಲ ಅಂದ್ರ, ನೀವು ತಿರುಗಿಸಿದ ಬಾಣ ಆ ಪೈಲಟ್‌ಗ ಕಂಡದ್ದರ ಹ್ಯಾಂಗ್ರಿ?